ಒಂದೇ ಕಥೆ, ಹಲವು ಕಂಠ: ಸಿದ್ದಪ್ಪಾಜಿ ಹಾಡು ಕೇಳುವಾಗ ಕಿವಿ ಎಲ್ಲಿರಬೇಕು?

ಮದ್ರಸ ಕೆಲಸಕ್ಕೋ, ವ್ಯಾಪಾರಕ್ಕೋ ಘಟ್ಟ ಹತ್ತಿ ಮಂಡ್ಯ ಜಿಲ್ಲೆ ಕಡೆ ಹೋದ ನಮ್ಮ ಕರಾವಳಿಯವರಿಗೆ ಒಂದು ಹಾಡು ಕೇಳದೆ ವರ್ಷ ಕಳೆಯುವುದಿಲ್ಲ. ಮಳವಳ್ಳಿ ತಾಲೂಕಿನ ಪೂರಿಗಾಲಿ, ಬೆಳಕವಾಡಿ, ಬೊಪ್ಪಗೌಡನಪುರದ ಸುತ್ತ ಚಹಾ ಅಂಗಡಿಯಲ್ಲಿ, ಟೆಂಪೋದಲ್ಲಿ, ಕಬ್ಬು ಕಡಿಯುವ ಗದ್ದೆ ಬದಿಯಲ್ಲಿ ಎಲ್ಲಿ ನಿಂತರೂ ಅದು ಕಿವಿಗೆ ಬೀಳುತ್ತದೆ. ಒಂದು ತಂಬೂರಿ, ಒಂದು ಗಗ್ಗರ, ಎತ್ತರದ ಒಂದು ಗಂಡು ಕಂಠ, ಹಿಂದಿನಿಂದ ಸೊಲ್ಲು ಹಿಡಿಯುವ ಇಬ್ಬರು ಮೂವರು. ಅದು ಮಂಟೇಸ್ವಾಮಿ ಕಥೆ. ಅದರೊಳಗೂ ಜನ ಹೆಚ್ಚು ಕೇಳುವುದು ಸಿದ್ದಪ್ಪಾಜಿಯ ಕಥೆ.

ಬೊಪ್ಪಗೌಡನಪುರವನ್ನು ಇಲ್ಲಿಯವರು ಬಿ.ಜಿ.ಪುರ ಅಂತಲೇ ಕರೆಯುವುದು. ಪೂರಿಗಾಲಿ ಇರುವುದು ಇದೇ ಹೋಬಳಿಯಲ್ಲಿ. ಮಂಟೇಸ್ವಾಮಿಯವರ ಗದ್ದುಗೆ ಇರುವುದೂ ಇದೇ ಊರಲ್ಲಿ. ಅಂದರೆ ನಾವು ಹೇಳ ಹೊರಟಿರುವ ಹಾಡಿಗೆ ಇದು ತವರು. ಆದರೆ ತವರಲ್ಲೇ ಈಗ ಒಂದು ತಕರಾರು ಎದ್ದಿದೆ. ಹಳೆಯ ಹಾಡುಗಾರರೊಬ್ಬರು ತಮ್ಮ ಗುರುವಿನಿಂದ ಕಲಿತ ಹಾಗೆ ಹಾಡಿದರೆ, ಎದುರು ಕೂತ ಹುಡುಗರು "ಕ್ಯಾಸೆಟ್‌ನಲ್ಲಿ ಹಂಗಿಲ್ವಲ್ಲ" ಅನ್ನುತ್ತಾರೆ. ಹಾಡು ಮೊದಲೋ, ಕ್ಯಾಸೆಟ್ ಮೊದಲೋ? ಕೇಳಲು ಸಣ್ಣ ಪ್ರಶ್ನೆ. ಬಿಡಿಸುತ್ತಾ ಹೋದರೆ ನಮ್ಮ ಮನೆಗಳ ಮಾಲೆಯವರೆಗೂ ಬಂದು ನಿಲ್ಲುತ್ತದೆ.

ಮೊದಲು ಕಥೆ ಏನು ಅಂತ ನೋಡೋಣ

ಮಂಟೇಸ್ವಾಮಿ ಕಾವ್ಯ ಬರೆದಿಟ್ಟ ಕಾವ್ಯ ಅಲ್ಲ. ಬಾಯಿಂದ ಬಾಯಿಗೆ ಬಂದದ್ದು. ಇದನ್ನು ಹಾಡುವವರಿಗೆ ನೀಲಗಾರರು ಅಂತ ಹೆಸರು. ದೀಕ್ಷೆ ಪಡೆದು, ಗುರುವಿನ ಜೊತೆ ತಿರುಗಾಡಿ, ಸೊಲ್ಲು ಹಿಡಿದು ಹಿಡಿದು ಕೊನೆಗೆ ಮುಂದೆ ನಿಂತು ಹಾಡುವವರು. ದಲಿತರು, ಹಿಂದುಳಿದ ಜಾತಿಯವರು ಎಲ್ಲ ಇದರಲ್ಲಿದ್ದಾರೆ. ಮಲೆ ಮಾದೇಶ್ವರನ ಕಥೆ ಹಾಡುವ ದೇವರಗುಡ್ಡರು ಕಂಸಾಳೆ ಹಿಡಿದರೆ, ನೀಲಗಾರರ ಕೈಯಲ್ಲಿ ತಂಬೂರಿ ಮತ್ತು ಗಗ್ಗರ ಇರುತ್ತದೆ. ಎರಡನ್ನೂ ಒಂದೇ ಅಂದುಕೊಳ್ಳುವವರು ಬಹಳ.

ಕಥೆಯನ್ನು ಸಾಲುಗಳಾಗಿ ಹಾಡುತ್ತಾರೆ. ಒಂದೊಂದು ಪ್ರಸಂಗವೂ ಒಂದೊಂದು ಸಾಲು. ಕಲ್ಯಾಣಕ್ಕೆ ಹೋಗಿ ಬಸವಣ್ಣನವರ ಶರಣರನ್ನು ಪರೀಕ್ಷೆ ಮಾಡಿದ್ದು ಒಂದು ಸಾಲು. ಮದ್ದೂರು ತಾಲೂಕಿನ ನಿಡುಘಟ್ಟದಲ್ಲಿ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಶಿಷ್ಯನಾಗಿ ಕೇಳಿದ್ದು ಇನ್ನೊಂದು. ಹೆತ್ತವರು ಕೊಡಲು ಒಪ್ಪುವುದಿಲ್ಲ. ಕೊನೆಗೆ ಹುಡುಗ ಗುರುವಿನ ಕೈ ಸೇರಿ ಸಿದ್ದಪ್ಪಾಜಿ ಆಗುತ್ತಾನೆ. ಆಮೇಲೆ ಗುರು ಅವನನ್ನು ಹಲಗೂರಿಗೆ ಕಳಿಸುತ್ತಾರೆ. ಅಲ್ಲಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಬೇಕು. ಕಮ್ಮಾರರು ಕೊಡುವುದಿಲ್ಲ, ಹಿಂಸೆ ಕೊಡುತ್ತಾರೆ, ಪರೀಕ್ಷೆಯ ಮೇಲೆ ಪರೀಕ್ಷೆ ಒಡ್ಡುತ್ತಾರೆ. ಸಿದ್ದಪ್ಪಾಜಿ ಎಲ್ಲವನ್ನೂ ಗೆದ್ದು ಕಬ್ಬಿಣ ತರುತ್ತಾನೆ. ಮುಂದೆ ಅವನು ನೆಲೆ ನಿಂತದ್ದು ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ. ಜನವರಿ ಹೊತ್ತಿನ ಬನದ ಹುಣ್ಣಿಮೆಗೆ ಅಲ್ಲಿ ಐದು ದಿನ ಜಾತ್ರೆ. ಜಾತಿ ನೋಡದೆ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಪಂಕ್ತಿಸೇವೆಗೆ ಅದು ಹೆಸರಾದ ಜಾತ್ರೆ.

ನಿಡುಘಟ್ಟ, ಹಲಗೂರು, ಬಿ.ಜಿ.ಪುರ ಮೂರೂ ಬಸ್ಸಿನ ಬೋರ್ಡಿನಲ್ಲಿ ಇವತ್ತಿಗೂ ಕಾಣುವ ಹೆಸರುಗಳು. ಹಾಗಾಗಿ ಇಲ್ಲಿಯವರಿಗೆ ಇದು ದೂರದ ಪುರಾಣ ಅಲ್ಲ, ಪಕ್ಕದೂರಿನ ಸಮಾಚಾರ.

ರಾತ್ರಿ ಹಾಡು

ಮೂಲದಲ್ಲಿ ಇದು ಇಡೀ ರಾತ್ರಿಯ ಹಾಡು. ಎಲ್ಲಾ ಸಾಲು ಹಾಡಬೇಕಾದರೆ ಒಂದು ರಾತ್ರಿ ಸಾಲದು. ಮುಂದಿನ ಹಾಡುಗಾರ ಒಂದು ಚರಣ ಎತ್ತುತ್ತಾನೆ, ಹಿಮ್ಮೇಳ ಸೊಲ್ಲು ಹಿಡಿಯುತ್ತದೆ. ಆ ಸೊಲ್ಲು ಮುಗಿಯುವಷ್ಟರಲ್ಲಿ ಹಾಡುಗಾರ ಮುಂದಿನ ಚರಣವನ್ನು ಮನಸ್ಸಿನಲ್ಲಿ ಕಟ್ಟಿರುತ್ತಾನೆ. ನಮಗೆ ಒಂದೇ ಮಾತನ್ನು ಹತ್ತು ಸಲ ಹೇಳಿದ ಹಾಗೆ ಕೇಳುವುದು ಅವನಿಗೆ ಉಸಿರು ತೆಗೆದುಕೊಳ್ಳುವ ಜಾಗ. ನಡುವೆ ಹಾಡು ನಿಲ್ಲಿಸಿ ಮಾತಿನಲ್ಲಿ ಕಥೆ ಹೇಳುತ್ತಾನೆ. ಹಿಮ್ಮೇಳದವನು ಹೂಂಗುಡುತ್ತಾನೆ, ಪ್ರಶ್ನೆ ಕೇಳುತ್ತಾನೆ, ನಗಿಸುತ್ತಾನೆ.

ಇನ್ನೊಂದು ಮುಖ್ಯ ಸಂಗತಿ, ಹಾಡುವವನಿಗೆ ಎದುರು ಕೂತವರ ಮುಖ ಕಾಣುತ್ತದೆ. ಮಕ್ಕಳು ನಿದ್ದೆಗೆ ಜಾರಿದರೆ ಪವಾಡ ಬೇಗ ತರುತ್ತಾನೆ. ಹೆಂಗಸರು ಹೆಚ್ಚಿದ್ದರೆ ಕೆಂಪಾಚಾರಿಯ ತಾಯಿಯ ಅಳುವನ್ನು ಇನ್ನಷ್ಟು ಬೆಳೆಸುತ್ತಾನೆ. ಅದೇ ಊರಲ್ಲಿ ಆಚಾರಿ ಮನೆಗಳಿದ್ದರೆ ಹಲಗೂರಿನ ಸಾಲನ್ನು ಹೇಗೆ ಹಾಡಬೇಕು ಅಂತ ಅವನಿಗೆ ಗೊತ್ತು. ಹಾಗಾಗಿ ಒಬ್ಬನೇ ನೀಲಗಾರ ಎರಡು ಊರಲ್ಲಿ ಹಾಡಿದರೂ ಅದು ಎರಡು ಪಾಠ ಆಗುತ್ತದೆ. ಎರಡೂ ಸರಿಯೇ.

ಇಂಥ ಹಾಡನ್ನು ಮೊದಲು ಧ್ವನಿಮುದ್ರಿಸಿಕೊಂಡು ಬರೆದವರು ಜಾನಪದ ವಿದ್ವಾಂಸರು. ಇದೇ ಮಂಡ್ಯ ಜಿಲ್ಲೆ ನಾಗಮಂಗಲ ತಾಲೂಕಿನ ಜೀಶಂಪ, ಮೈಸೂರು ವಿಶ್ವವಿದ್ಯಾಲಯದ ಮೂಲಕ ದಕ್ಷಿಣ ಕರ್ನಾಟಕದ ಕಥನ ಕಾವ್ಯಗಳ ಮೇಲೆ ದುಡಿದರು. ಅದೇ ತಾಲೂಕಿನ ಎಚ್.ಎಲ್. ನಾಗೇಗೌಡರು ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಹತ್ತಿರ ಜಾನಪದ ಲೋಕ ನಿಲ್ಲಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಹಿ.ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಕಾವ್ಯವನ್ನು ದಪ್ಪ ಪುಸ್ತಕವಾಗಿ ಹೊರತಂದಿತು. ಆದರೆ ಪುಸ್ತಕದಲ್ಲಿ ಸೊಲ್ಲು ಕೇಳುವುದಿಲ್ಲ, ಹೂಂಗುಟ್ಟುವವನ ದನಿ ಇರುವುದಿಲ್ಲ. ಓದುವವರಿಗೆ ಕಥೆ ಸಿಕ್ಕಿತು, ಹಾಡು ಸಿಗಲಿಲ್ಲ.

ಕ್ಯಾಸೆಟ್ಟಿನ ಅಳತೆ

ಹಾಡು ಮನೆಮನೆಗೆ ಬಂದದ್ದು ಕ್ಯಾಸೆಟ್ಟಿನಿಂದ. 1980ರ ದಶಕದಲ್ಲಿ ಟೇಪ್ ರೆಕಾರ್ಡರ್ ಅಗ್ಗವಾಯಿತು. ನಮ್ಮಲ್ಲಿ ಗಲ್ಫಿನಿಂದ ಬಂದವರ ಹೆಗಲ ಮೇಲೆ ಅದು ಬಂತು, ಅಲ್ಲಿ ಸಂತೆ ಪೇಟೆಯಿಂದ ಬಂತು. ಈ ಸೀಮೆಯಲ್ಲಿ ಕ್ಯಾಸೆಟ್ ಅಂದ ಕೂಡಲೇ ಜನ ಹೇಳುವ ಮೊದಲ ಹೆಸರು ಮಳವಳ್ಳಿ ಮಹದೇವಸ್ವಾಮಿ. ಹೆಸರಲ್ಲೇ ಊರು ಇದೆ. ಮಂಟೇಸ್ವಾಮಿ, ಸಿದ್ದಪ್ಪಾಜಿ ಕಥೆಗಳನ್ನು ಅವರ ಕಂಠದಲ್ಲೇ ಕೇಳಿ ಬೆಳೆದ ಒಂದು ತಲೆಮಾರು ಮಂಡ್ಯ, ಮೈಸೂರು, ಚಾಮರಾಜನಗರದಲ್ಲಿದೆ.

ಅವರ ಹಾಡಿಕೆಯಲ್ಲಿ ಗಮನಿಸಬೇಕಾದ್ದು ಮಾತು. ಹಾಡಿನಿಂದ ಮಾತಿಗೆ, ಮಾತಿನಿಂದ ಹಾಡಿಗೆ ಅವರು ದಾಟುವ ಜಾಗ ಗೊತ್ತೇ ಆಗುವುದಿಲ್ಲ. ಕಥೆ ಓಡುತ್ತಿರಬೇಕು, ಕೇಳುವವನು ಎದ್ದು ಹೋಗಬಾರದು ಅನ್ನುವ ಹಿಡಿತ ಅದು. ಮನೆಯೊಳಗೆ ಅಡುಗೆ ಮಾಡುತ್ತಾ ಕೇಳುವ ಹೆಂಗಸಿಗೂ, ಲಾರಿ ಓಡಿಸುತ್ತಾ ಕೇಳುವ ಡ್ರೈವರಿಗೂ ಪಾತ್ರ ಕಣ್ಣೆದುರು ಬರಬೇಕು. ಎದುರು ಜನ ಇಲ್ಲದ ಸ್ಟುಡಿಯೋದಲ್ಲಿ ಕೂತು ಜನ ಇದ್ದ ಹಾಗೆ ಹಾಡುವುದು ಸುಲಭದ ಕೆಲಸ ಅಲ್ಲ.

ಆದರೆ ಕ್ಯಾಸೆಟ್ಟಿಗೆ ಒಂದು ಅಳತೆ ಇದೆ. ಅರುವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ, ತೊಂಬತ್ತರದ್ದಾದರೆ 45. ಒಂದು ರಾತ್ರಿಯ ಹಾಡನ್ನು ಅದರೊಳಗೆ ಕೂರಿಸಬೇಕಾದರೆ ಏನನ್ನಾದರೂ ಬಿಡಲೇಬೇಕು. ಯಾವುದು ಹೋಗುತ್ತದೆ? ಮೊದಲು ಸೊಲ್ಲು ಕಡಿಮೆ ಆಗುತ್ತದೆ. ಆಮೇಲೆ ದಾರಿಯಲ್ಲಿ ಸಿಗುವ ಊರುಗಳ ಹೆಸರು. ಆಮೇಲೆ ಗುರುಸ್ಮರಣೆ ಚಿಕ್ಕದಾಗುತ್ತದೆ. ಕೊನೆಗೆ ಪವಾಡ ಇಲ್ಲದ ಸಾಲುಗಳು. ಉಳಿಯುವುದು ಪವಾಡ, ಜಗಳ, ಅಳು. ಇದರಲ್ಲಿ ಹಾಡುಗಾರನದ್ದು ತಪ್ಪೇನಿಲ್ಲ, ಇದು ಅಳತೆಯ ಕೆಲಸ.

ವೇದಿಕೆ ಮತ್ತು ಸಿನಿಮಾ

ಮೂರನೆಯದು ವೇದಿಕೆಯ ಹಾಡು. ಮೈಸೂರು ಗುರುರಾಜ್ ಅವರಂಥ ತಂಬೂರಿ ಗಾಯಕರು ತಂಡ ಕಟ್ಟಿಕೊಂಡು ದಸರಾ, ಉತ್ಸವ, ಅಕಾಡೆಮಿ ಕಾರ್ಯಕ್ರಮಗಳ ಮಾದರಿಯ ಸಭೆಗಳಿಗೆ ಈ ಪದಗಳನ್ನು ತಂದರು. ಇಲ್ಲಿ ಸಮಯ ಇನ್ನೂ ಕಡಿಮೆ, ಕೆಲವೊಮ್ಮೆ ಹತ್ತು ಹದಿನೈದು ನಿಮಿಷ. ಆದರೆ ಒಂದು ಲಾಭ ಇದೆ. ಕಥೆ ಹೇಳುವ ಭಾರ ಇಲ್ಲದ ಕಾರಣ ತಂಬೂರಿಯ ನಾದ, ಗಗ್ಗರದ ಪೆಟ್ಟು, ಗುಂಪಿನ ಸೊಲ್ಲು ಸರಿಯಾಗಿ ಕೇಳುತ್ತದೆ. ಕ್ಯಾಸೆಟ್ಟಿನಲ್ಲಿ ಕಥೆಯ ಹಿಂದೆ ಅಡಗಿದ್ದ ಸಂಗೀತ ಇಲ್ಲಿ ಮುಂದೆ ಬರುತ್ತದೆ.

ನಾಲ್ಕನೆಯದು ಸಿನಿಮಾ. ಇದಕ್ಕೆ ಒಳ್ಳೆ ಉದಾಹರಣೆ ಪಕ್ಕದ ಮಾದೇಶ್ವರನ ಪರಂಪರೆಯಲ್ಲಿದೆ. ಟಿ.ಎಸ್. ನಾಗಾಭರಣ ನಿರ್ದೇಶಿಸಿದ, 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದ 'ಕೋಲುಮಂಡೆ' ಹಾಡಿಗೆ ರಾಜ್ಯ ಪ್ರಶಸ್ತಿ ಬಂತು. ಶಾಸ್ತ್ರಿಯವರದ್ದು ಪಳಗಿದ ಕಂಠ. ಅದೇ ಬಗೆಯ ಪದಗಳನ್ನು ಕಂಸಾಳೆ ಮಹದೇವಯ್ಯ ಅವರಂಥ ಗಾಯಕರು ಹಾಡಿದ್ದನ್ನು ಅದರ ಬೆನ್ನಿಗೇ ಕೇಳಿ ನೋಡಿ. ಸಿನಿಮಾದಲ್ಲಿ ವಾದ್ಯಗಳು ಹಾಡನ್ನು ಹೊತ್ತು ಒಯ್ಯುತ್ತವೆ. ಕಂಸಾಳೆ ಪದದಲ್ಲಿ ಹಾಡುವವನ ಕೈಯ ಕಂಚಿನ ಬಟ್ಟಲೇ ಹೆಜ್ಜೆಯನ್ನೂ ಉಸಿರನ್ನೂ ನಡೆಸುತ್ತದೆ. ಒಂದು ಕೂತು ಕೇಳುವ ಹಾಡು, ಇನ್ನೊಂದು ಎದ್ದು ಕುಣಿಯುವ ಹಾಡು. ಇದು ಮೇಲು ಅದು ಕೀಳು ಅಂತ ಹೇಳಬೇಕಾಗಿಲ್ಲ. ಸಿನಿಮಾ ಹಾಡು ಕೇಳಿದ ಮೇಲೆ ಮೂಲದವರನ್ನು ಹುಡುಕಿ ಹೋದವರೂ ಇದ್ದಾರೆ.

ಭಾಷೆಯನ್ನೂ ಗಮನಿಸಿ. ಹಳ್ಳಿಯ ಹಾಡಿಕೆಯಲ್ಲಿ ಹಟ್ಟಿ 'ಅಟ್ಟಿ' ಆಗುತ್ತದೆ, ಹಾಲು 'ಆಲು' ಆಗುತ್ತದೆ, ಹಲಗೂರು 'ಅಲಗೂರು' ಆಗುತ್ತದೆ. ಸ್ಟುಡಿಯೋಕ್ಕೆ ಬಂದಾಗ 'ಹ' ಕಾರ ವಾಪಸ್ ಬರುತ್ತದೆ, ಮಾತು ತಿದ್ದಿಕೊಳ್ಳುತ್ತದೆ. ಅರ್ಥ ಎಲ್ಲರಿಗೂ ಆಗುತ್ತದೆ, ಆದರೆ ಆ ಮಾತು ಯಾವ ಊರಿನದು ಅನ್ನುವುದು ಹೋಗುತ್ತದೆ.

ಕಮ್ಮಾರರನ್ನು ಹೇಗೆ ತೋರಿಸುತ್ತಾರೆ?

ಈಗ ನನ್ನ ಮಟ್ಟಿಗೆ ಬಹಳ ಮುಖ್ಯ ಅನ್ನಿಸಿದ ಮಾತು. ಯಾವ ರೆಕಾರ್ಡಿಂಗ್ ಕೇಳಿದರೂ ಒಂದು ಪರೀಕ್ಷೆ ಮಾಡಿ. ಸಿದ್ದಪ್ಪಾಜಿ ಕಥೆ ಎಲ್ಲಿಂದ ಶುರುವಾಗುತ್ತದೆ?

ನಿಡುಘಟ್ಟದಿಂದ ಶುರುವಾದರೆ, ಸಿದ್ದಪ್ಪಾಜಿ ಆಚಾರಿ ಮನೆಯ ಮಗ ಅಂತ ಕೇಳುವವನಿಗೆ ಗೊತ್ತಿರುತ್ತದೆ. ಆಗ ಹಲಗೂರಿನಲ್ಲಿ ನಡೆಯುವುದು ಒಂದು ಮನೆಯೊಳಗಿನ ಜಗಳ. ಕಮ್ಮಾರರ ಹುಡುಗನೇ ಕಮ್ಮಾರರ ಬಾಗಿಲಲ್ಲಿ ನಿಂತು ಕಬ್ಬಿಣ ಬೇಡುತ್ತಿದ್ದಾನೆ. ಅವರು ಕೊಡುವುದಿಲ್ಲ. ಆ ನೋವೇ ಬೇರೆ. ಕಥೆ ಆಗ ಸಂಪತ್ತಿನ ಬಗ್ಗೆ, ಕೈಗೆ ಬಂದ ವಿದ್ಯೆಯ ಸೊಕ್ಕಿನ ಬಗ್ಗೆ, ಸ್ವಂತದವನನ್ನೇ ಗುರುತಿಸದ ಕುರುಡಿನ ಬಗ್ಗೆ ಮಾತಾಡುತ್ತದೆ.

ಆದರೆ ಸಮಯ ಇಲ್ಲ ಅಂತ ನಿಡುಘಟ್ಟವನ್ನು ಬಿಟ್ಟು ನೇರ ಹಲಗೂರಿಗೆ ಹೋದರೆ? ಆಗ ಕೇಳುವವನಿಗೆ ಕಾಣುವುದು ಒಬ್ಬ ಶರಣ, ಎದುರು ಒಂದು ಇಡೀ ಜಾತಿ. ಆ ಜಾತಿಯವರೆಲ್ಲ ಕೆಟ್ಟವರು. ಕಥೆಗೆ ಒಂದು ಪದವನ್ನೂ ಹೊಸದಾಗಿ ಸೇರಿಸಿಲ್ಲ, ಸುಳ್ಳೂ ಹೇಳಿಲ್ಲ. ಬರೀ ಮೊದಲ ಭಾಗ ತೆಗೆದದ್ದು. ಅಷ್ಟಕ್ಕೇ ಕಥೆಯ ತಿರುಳು ಬದಲಾಗಿ ಹೋಯಿತು.

ಇದು ನಮ್ಮಂಥವರಿಗೆ ಬೇಗ ಅರ್ಥ ಆಗಬೇಕು. ಅರ್ಧ ಕತ್ತರಿಸಿದ ವಿಡಿಯೋ ಒಂದು ಊರಿನ ಮೇಲೆ, ಒಂದು ಸಮುದಾಯದ ಮೇಲೆ ಏನು ಮಾಡುತ್ತದೆ ಅಂತ ಕರಾವಳಿಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ರಾತ್ರಿ ಹಾಡುವ ನೀಲಗಾರನ ಎದುರು ಆಚಾರಿ ಮನೆಯವರು ಕೂತಿರುತ್ತಾರೆ. ನಾಳೆ ಬೆಳಿಗ್ಗೆ ಅವನ ಕುಡುಗೋಲಿಗೆ ಹರಿತ ಹಾಕಿಕೊಡುವವರೂ ಅವರೇ. ಆ ಲಜ್ಜೆ ಹಾಡನ್ನು ತಿದ್ದುತ್ತದೆ. ರೆಕಾರ್ಡಿಂಗಿಗೆ ಎದುರು ಯಾರಿದ್ದಾರೆ ಅಂತ ಕಾಣುವುದಿಲ್ಲ. ಅದು ಎಲ್ಲರ ಎದುರೂ ಒಂದೇ ಮಾತು ಹೇಳುತ್ತದೆ. ಅದಕ್ಕಾಗಿಯೇ ಒಂದೇ ರೆಕಾರ್ಡಿಂಗ್ ಕೇಳಿ ಕಥೆ ಗೊತ್ತಾಯಿತು ಅನ್ನಬಾರದು. ಎರಡು, ಮೂರು ಕೇಳಬೇಕು. ಯಾರು ಎಲ್ಲಿಂದ ಶುರು ಮಾಡಿದರು, ಯಾರು ಏನು ಬಿಟ್ಟರು ಅಂತ ನೋಡಬೇಕು.

ನಮ್ಮ ಮಾಲೆಗಳ ಜೊತೆ ಇಟ್ಟು ನೋಡಿದರೆ

ಬ್ಯಾರಿ ಮನೆಗಳಲ್ಲೂ ಹಾಡಿನ ಕಥೆಗಳಿವೆ. ಕೋಝಿಕ್ಕೋಡಿನ ಖಾಝಿ ಮುಹಮ್ಮದ್ 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆಯನ್ನು ಮಗ್ರಿಬ್ ಆದ ಮೇಲೆ ಹೇಳುತ್ತಿದ್ದ ಉಮ್ಮಂದಿರು, ಅಜ್ಜಿಯರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ಹೆರಿಗೆ ಹೊತ್ತಿಗೆ ನಫೀಸತ್ ಮಾಲೆ ಹೇಳುತ್ತಿದ್ದರು. ಕೊಂಡೋಟಿಯ ಮೋಯಿನ್‌ಕುಟ್ಟಿ ವೈದ್ಯರು 1872ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ ಬರೆದ ಬದ್‌ರುಲ್ ಮುನೀರ್ ಹುಸ್ನುಲ್ ಜಮಾಲ್ ಪ್ರೇಮಕಥೆಯ ಹಾಡುಗಳು ಮದುವೆ ಮನೆಗೆ ಬಂದವು. ವಿ.ಎಂ. ಕುಟ್ಟಿ, ಪೀರ್ ಮುಹಮ್ಮದ್, ಎರಂಞೋಳಿ ಮೂಸಾ, ವಿಳಯಿಲ್ ಫಸೀಲಾ ಇವರ ಕ್ಯಾಸೆಟ್ಟುಗಳು ಗಲ್ಫಿನ ಪೆಟ್ಟಿಗೆಯಲ್ಲಿ ಅತ್ತರಿನ ಜೊತೆ ಬಂದದ್ದು ನಲುವತ್ತು ದಾಟಿದ ಎಲ್ಲರಿಗೂ ನೆನಪಿದೆ.

ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ. ಮಾಲೆ ಬರೆದಿಟ್ಟದ್ದು. ಅರಬಿ ಮಲಯಾಳಂ ಲಿಪಿಯಲ್ಲಿ ಕಿತಾಬಿದೆ, ಬರೆದವರ ಹೆಸರಿದೆ, ವರ್ಷ ಇದೆ. ಹಾಡುವವರು ಬದಲಾದರೆ ರಾಗ ಬದಲಾಗಬಹುದು, ನಾವು ಇಶಲ್ ಅನ್ನುತ್ತೇವಲ್ಲ ಅದು. ಮಾತು ಬದಲಾಗುವುದಿಲ್ಲ. ತಪ್ಪಿದರೆ ಕಿತಾಬು ತೆಗೆದು ತಿದ್ದಬಹುದು. ನೀಲಗಾರನಿಗೆ ಕಿತಾಬಿಲ್ಲ. ಅವನ ಗುರುವೇ ಕಿತಾಬು. ಆದ್ದರಿಂದಲೇ ಅವರು ಹಾಡಿನ ಮೊದಲು ಗುರುವನ್ನು ನೆನೆಯುವುದು ಬರೀ ಭಕ್ತಿಯಲ್ಲ, ನಾನು ಇದನ್ನು ಯಾರ ಬಾಯಿಂದ ಕೇಳಿದೆ ಅನ್ನುವ ಸಾಕ್ಷಿಯೂ ಹೌದು. ಯಾರಿಂದ ಕೇಳಿದೆ ಅನ್ನುವ ಪ್ರಶ್ನೆಯ ಬೆಲೆ ದೀನೀ ಕಲಿಕೆಯಲ್ಲಿ ನಾಲ್ಕು ದಿನ ಕೂತವರಿಗೂ ಗೊತ್ತು. ಕ್ಯಾಸೆಟ್ಟಿನಲ್ಲಿ ಚಿಕ್ಕದಾಗುವುದರಲ್ಲಿ ಈ ಗುರುಸ್ಮರಣೆಯೂ ಒಂದು ಅನ್ನುವುದನ್ನು ಮರೆಯಬೇಡಿ.

ಉಚ್ಚಾರದಲ್ಲಿ ಮಾತ್ರ ನಮ್ಮ ಕಥೆಯೂ ಅವರದ್ದೇ. ಮಲಯಾಳಂನಲ್ಲಿ 'ವ' ಇರುವ ಕಡೆ ಬ್ಯಾರಿ ನಾಲಿಗೆ 'ಬ' ಅನ್ನುತ್ತದೆ. ನಮ್ಮ ಅಜ್ಜಿಯರು ಮಾಲೆಯನ್ನು ಹಾಗೆಯೇ ಹೇಳುತ್ತಿದ್ದರು. ಕೇರಳದ ಗಾಯಕರ ರೆಕಾರ್ಡಿಂಗ್ ಕೇಳಿದ ಮಕ್ಕಳು ಈಗ ಅಜ್ಜಿಯನ್ನು ತಿದ್ದುತ್ತಾರೆ. ಪೂರಿಗಾಲಿ ಕಡೆಯ ಹುಡುಗರು "ಕ್ಯಾಸೆಟ್‌ನಲ್ಲಿ ಹಂಗಿಲ್ವಲ್ಲ" ಅಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ಮಲಯಾಳಂ ಓದಿದವರಿಗೆ ಅಜ್ಜಿಯದ್ದು ತಪ್ಪು ಅನ್ನಿಸಬಹುದು. ಆದರೆ ನಾಲ್ಕು ಶತಮಾನದ ಹಿಂದಿನ ಒಂದು ಮಾಲೆ ಕೋಝಿಕ್ಕೋಡಿನಿಂದ ನೇತ್ರಾವತಿ ದಾಟಿ ನಮ್ಮ ಅಡುಗೆ ಮನೆಗೆ ಬಂದ ದಾರಿಯ ಗುರುತು ಆ 'ಬ'ದಲ್ಲಿದೆ.

ಈಗ ಮೊಬೈಲ್ ಕೈಯಲ್ಲಿದೆ

ಇವತ್ತು ಜಾತ್ರೆಯಲ್ಲಿ ಹಾಡು ಶುರುವಾದರೆ ಹತ್ತು ಮೊಬೈಲ್ ಮೇಲೆ ಏಳುತ್ತದೆ. ಕ್ಯಾಸೆಟ್ಟಿನ ಅಳತೆ ಈಗ ಇಲ್ಲ. ಇಡೀ ರಾತ್ರಿ ರೆಕಾರ್ಡ್ ಮಾಡಬಹುದು. ಆದರೂ ಜನ ಮಾಡುವುದು ಎರಡು ನಿಮಿಷ, ಅದೂ ಪವಾಡದ ಭಾಗ. ಅಳತೆ ಕ್ಯಾಸೆಟ್ಟಿನಿಂದ ನಮ್ಮ ತಾಳ್ಮೆಗೆ ಬಂತು ಅಷ್ಟೆ.

ಹಾಗಾದರೆ ಏನು ಮಾಡಬಹುದು? ದೊಡ್ಡ ಸಂಸ್ಥೆ ಬೇಕಾಗಿಲ್ಲ. ಘಟ್ಟದ ಮೇಲಿರುವ ನಮ್ಮವರಿಗೆ ಒಂದು ಮಾತು: ನಿಮ್ಮ ಅಂಗಡಿ ಪಕ್ಕ, ಮದ್ರಸದ ಹಿಂದೆ ಒಬ್ಬ ವಯಸ್ಸಾದ ನೀಲಗಾರ ಇದ್ದರೆ, ಅವರನ್ನು ಕಂಡು ಮಾತಾಡಿ. ಅವರ ಒಪ್ಪಿಗೆ ಕೇಳಿ, ನಿಡುಘಟ್ಟದಿಂದ ಹಲಗೂರಿನವರೆಗೆ ತಡೆಯದೆ ಹಾಡಲು ಬಿಡಿ. ಅವರ ಹೆಸರು, ಗುರುವಿನ ಹೆಸರು, ಊರು, ತಾರೀಕು ರೆಕಾರ್ಡಿಂಗಿನ ಮೊದಲಲ್ಲೇ ಅವರ ಬಾಯಿಂದ ಹೇಳಿಸಿ. ಒಂದು ಪ್ರತಿ ಅವರ ಮನೆಯವರಿಗೆ ಕೊಡಿ. ನೀವು ಸಂಭಾವನೆ ಅಂತ ಕೊಡುವುದು ಅವರಿಗೆ ಉಪಕಾರ ಅಲ್ಲ, ಅವರ ದುಡಿಮೆಯ ಬೆಲೆ.

ಕರಾವಳಿಯಲ್ಲಿರುವವರಿಗೆ ಇನ್ನೂ ಹತ್ತಿರದ ಕೆಲಸ ಇದೆ. ಮಾಲೆ ಪೂರ್ತಿ ಬಾಯಿಪಾಠ ಇರುವ ಹಿರಿಯ ಹೆಂಗಸರು ಈಗ ಪ್ರತಿ ಮೊಹಲ್ಲಾದಲ್ಲಿ ಎಣಿಸಿದರೆ ಸಿಗುವಷ್ಟು ಮಂದಿ. ಅವರು ಹೇಳುವಾಗ ನಡುವೆ ತಿದ್ದಬೇಡಿ, ಕೇರಳದ ಗಾಯಕರ ರಾಗ ಹೇಳಿಕೊಡಬೇಡಿ. ಅವರ ನಾಲಿಗೆಯಲ್ಲಿ ಹೇಗಿದೆಯೋ ಹಾಗೆ ಬರಲಿ. ಅವರ ಮುಖ ವಿಡಿಯೋದಲ್ಲಿ ಬರುವುದು ಅವರಿಗೆ ಇಷ್ಟ ಇಲ್ಲದಿದ್ದರೆ ದನಿ ಮಾತ್ರ ಸಾಕು. ಅದನ್ನು ಎಲ್ಲಾ ಕಡೆ ಹಂಚಬೇಕಾಗಿಯೂ ಇಲ್ಲ, ಮನೆಯಲ್ಲಿ ಜೋಪಾನ ಮಾಡಿದರೆ ಸಾಕು.

ಮಕ್ಕಳಿಗೂ ಒಂದು ಅಭ್ಯಾಸ ಮಾಡಿಸಬಹುದು. ಒಂದೇ ಹಾಡಿನ ಎರಡು ರೆಕಾರ್ಡಿಂಗ್ ಹಾಕಿ, ಯಾವುದು ಚೆನ್ನಾಗಿದೆ ಅಂತ ಕೇಳಬೇಡಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದ್ದು ಏನು ಅಂತ ಕೇಳಿ. ಸಿದ್ದಪ್ಪಾಜಿ ಯಾರ ಮನೆಯ ಮಗ ಅಂತ ಎರಡರಲ್ಲೂ ಹೇಳಿದ್ದಾರಾ ಅಂತ ಕೇಳಿ. ಹೀಗೆ ಕೇಳಲು ಕಲಿತ ಮಗು ನಾಳೆ ಫೋನಿಗೆ ಬಂದ ಯಾವ ತುಂಡು ವಿಡಿಯೋ ನೋಡಿದರೂ ಮೊದಲು ಇದರ ಹಿಂದಿನ ಭಾಗ ಎಲ್ಲಿ ಅಂತ ಹುಡುಕುತ್ತದೆ.